ಕೆಂಪು ಮೂತಿಯ ಗುಂಡುಗಳು

ಡೆಲ್ಮರ್ ಸಾಯುವ ಹಿಂದಿನ ದಿನ ನಾವಿಬ್ಬರೂ ಜಗಳವಾಡಿದೆವು. ಆಡದಿದ್ದರೆ ಅದನ್ನು ಮಾಮೂಲಿ ದಿನ ಎಂದು ನಾನು ಹೇಳುತ್ತಿರಲಿಲ್ಲ.

ಜಗಳ ಪಿಸ್ತೂಲಿನದು. ನಾನು ಅಡುಗೆಮನೆಯ ಮೇಜಿನ ಮೇಲೆ ಮೆಕ್ಕೆಜೋಳದ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನನ್ನ ಗಂಡ ಪಿಸ್ತೂಲು ಬಿಚ್ಚಿಟ್ಟುಕೊಂಡು ಎಣ್ಣೆ ಹಾಕುತ್ತಿದ್ದ. ಮದುವೆಯಾದಂದಿನಿಂದ ನಮ್ಮ ಮನೆಯ ಬ್ರೆಡ್ಡಿಗೆ ಬಂದೂಕಿನೆಣ್ಣೆಯ ವಾಸನೆ. ಬಂದ ನೆಂಟರು "ಏನೋ ಹೊಸ ರುಚಿ" ಅನ್ನುತ್ತಿದ್ದರು. ನಾನು ಬಾಯಿ ಬಿಡುತ್ತಿರಲಿಲ್ಲ.

"ಒಲೀಟಾ, ಕೈ ಒರೆಸ್ಕೊಂಡು ಇದನ್ನ ಒಂದ್ಸಲ ಹಿಡಿ."

"ನೀನೇ ಒರೆಸ್ಕೊ. ಎಣ್ಣೆ ಹಿಟ್ಟಿಗೆ ಬೀಳ್ತಿದೆ."

"ನೀನೊಬ್ಳೇ ಇರೋವಾಗ ಯಾವನಾದ್ರೂ ಒಳಗೆ ನುಗ್ಗಿದ್ರೆ ಏನ್ಮಾಡ್ತೀಯ?"

"ನೀನು ನುಗ್ಗಿದಾಗ ಏನ್ಮಾಡ್ತೀನೋ ಅದೇ. ಬೂಟು ಹೊರಗೆ ಬಿಡು ಅಂತೀನಿ."

"ತಮಾಷೆ ಬೇಡ ಕಣೇ. ನಲವತ್ತೈದು ಇದ್ರೆ ಒಂದೇ ಸಾಕು. ಒಂಬತ್ತಾದ್ರೆ ಎರಡು ಹೊಡೀಬೇಕು."

"ನಿನಗೆ ಯಾವತ್ತು ಒಂದು ಸಾಕಾಗಿದೆ? ಬ್ರೆಡ್ಡು ನಾಲ್ಕು ಬೇಕು."

ನಲವತ್ತೈದು, ಒಂಬತ್ತು ಅಂದರೆ ಗುಂಡಿನ ದಪ್ಪದ ಲೆಕ್ಕ. ನಲವತ್ತೈದು ದಪ್ಪ, ನಿಧಾನ, ಡೆಲ್ಮರನ ಹಾಗೆ. ಒಂಬತ್ತು ಸಣ್ಣ, ಚುರುಕು, ತುಲ್ಸಾ ಪೇಟೆಯವರ ಹಾಗೆ. ಎರಡನ್ನೂ ಅಳೆಯುವ ಕೋಲು ಬೇರೆ ಬೇರೆಯಂತೆ, ಅದಕ್ಕೇ ಒಂದು ಇನ್ನೊಂದರ ಐದು ಪಟ್ಟು ಅಲ್ಲವಂತೆ. ಡೆಲ್ಮರ್ ಎಷ್ಟೋ ಸಲ ವಿವರಿಸಿದ. ನಾನು ಶಾಲೆ ಬಿಟ್ಟದ್ದು ಎಂಟನೇ ತರಗತಿಗೆ. ತಲೆಗೆ ಹೋಗಲಿಲ್ಲ. ಒಂದು ಮಾತ್ರ ಗೊತ್ತು. ನಮ್ಮ ಕಡೆ ಜನ ಚರ್ಚು ಬದಲಾಯಿಸುತ್ತಾರೆ, ಹೆಂಡತಿಯನ್ನು ಬದಲಾಯಿಸುತ್ತಾರೆ, ಗುಂಡಿನ ದಪ್ಪ ಮಾತ್ರ ಬದಲಾಯಿಸುವುದಿಲ್ಲ.

ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಅವನು ನನಗೆ ಉಡುಗೊರೆ ಕೊಟ್ಟದ್ದೂ ಒಂದು ನಲವತ್ತೈದೇ. ಹಿಡಿ ಅವನ ಅಂಗೈಯ ಅಳತೆಗಿತ್ತು. ಚರ್ಮದ ಪಟ್ಟಿ ಅವನ ಸೊಂಟದ ಅಳತೆಗಿತ್ತು. "ಇದು ನಿಂದು" ಅಂದ, ಅವತ್ತಿನಿಂದ ಅವನೇ ಕಟ್ಟಿಕೊಂಡು ತಿರುಗಿದ. (ಮರುವರ್ಷ ನಾನು ಅವನಿಗೆ ಹೊಲಿಗೆ ಯಂತ್ರ ಕೊಟ್ಟೆ. ಸರಿಹೋಯಿತು.)

ಸಂಜೆ ಬೀನ್ಸ್ ತಿಂದೆವು. ಟಿವಿ ಮುಂದೆ ಅವನು ಗೊರಕೆ ಹೊಡೆದ, ನಾನು ಬೈದು ಎಬ್ಬಿಸಿದೆ. ಬೆಳಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ. ಹೃದಯ ನಿಂತಿತು ಅಂದರು ಡಾಕ್ಟರು. ಒಂದು ಬೂಟು ಕಟ್ಟಿ ಮುಗಿದಿತ್ತು. ಇನ್ನೊಂದು ಮುಗಿದಿರಲಿಲ್ಲ.

ಸುಟ್ಟ ಬೂದಿಯನ್ನು ಚರ್ಚಿನ ಸ್ಮಶಾನದಲ್ಲಿ ಅವನ ಅಮ್ಮನ ಪಕ್ಕದಲ್ಲಿ ಹೂಳಿದೆವು. ಎಲ್ಲವನ್ನೂ ಅಲ್ಲ. ಡೆಲ್ಮರ್ ಬದುಕಿದ್ದಾಗಲೇ ನಾಲ್ಕು ಜನರೆದುರು ಹೇಳಿದ್ದ: "ನಾನು ಹೋದ್ಮೇಲೆ ನನ್ನನ್ನ ಬಂದೂಕಿನ ಗುಂಡೊಳಗೆ ತುಂಬಿ ಹೊಡೆದ್ಬಿಡ್ರಪ್ಪ." ನಮ್ಮ ಕಡೆ ಹಾಗೆ ಮಾಡಿಸಿಕೊಳ್ಳುವವರಿದ್ದಾರೆ. ಜಿಂಕೆ ಬೇಟೆ ಶುರುವಾಗುವ ದಿನ ಗೆಳೆಯರು ಸೇರಿ, ಒಬ್ಬೊಬ್ಬರೂ ಬೂದಿ ತುಂಬಿದ ಒಂದೊಂದು ಗುಂಡು ಹಾರಿಸಿ, ಟೋಪಿ ತೆಗೆದು ನಿಂತು, ಆಮೇಲೆ ತಿನ್ನಲು ಹೋಗುತ್ತಾರೆ. ಪಾದ್ರಿಗಳಿಗೆ ಹೇಳಿದಾಗ ಅವರು ಕೆಮ್ಮಿದರು. ಬೇಡ ಅನ್ನಲಿಲ್ಲ.

ಥರ್ಮನ್ ಎಂಬುವನು ಡೆಲ್ಮರನ ಗೆಳೆಯ. ಖಾಲಿ ಹಿತ್ತಾಳೆ ಚಿಪ್ಪಿಗೆ ಮದ್ದು ತುಂಬಿ ಹೊಸ ಗುಂಡು ಮಾಡುವುದು ಅವನಿಗೆ ಚೆನ್ನಾಗಿ ಬರುತ್ತದೆ. ಮಾತು ಬರುವುದಿಲ್ಲ. ಮೆಣಸಿನ ಪುಡಿಯ ಪುಟ್ಟ ಶೀಶೆಯಲ್ಲಿ (ತೊಳೆದಿದ್ದೆ) ನನ್ನ ಪಾಲಿನ ಡೆಲ್ಮರನನ್ನು ಹಾಕಿ ಅವನ ಕೈಗೆ ಕೊಟ್ಟೆ. ಅವನು ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡ.

"ಬೇಟೆ ಹೊತ್ತಿಗೆ ಮಾಡಿರ್ತೀನಿ ಒಲೀಟಾ," ಅಂದ. ಹೋದ.

ಆಮೇಲೆ ಎಲ್ಲರೂ ಹೋದರು. ಸಾವಿನ ಮನೆಗೆ ಅಡುಗೆ ತಂದವರ ಪಾತ್ರೆಗಳು ಉಳಿದವು. ಎಲ್ಲವನ್ನೂ ಕಾರಿಗೆ ಹಾಕಿಕೊಂಡು ಒಂದೇ ಸುತ್ತಿಗೆ ಹಿಂದಿರುಗಿಸಬಹುದಿತ್ತು. ನಾನು ಒಂದೊಂದೇ ತೆಗೆದುಕೊಂಡು ಹೋದೆ. ಒಂದು ಪಾತ್ರೆಗೆ ಒಂದು ಕಪ್ ಕಾಫಿ, ಸ್ವಲ್ಪ ಮಾತು. ಜೂನ್ ಹೊತ್ತಿಗೆ ಪಾತ್ರೆ ಮುಗಿದವು.

ಮನೆಯಲ್ಲಿ ಫ್ರಿಜ್ಜು ಮಾತ್ರ ಸದ್ದು ಮಾಡುತ್ತಿತ್ತು. ಅದು ನಿಂತಾಗ ನಾನು ತಲೆ ಎತ್ತಿ ನೋಡುತ್ತಿದ್ದೆ.

ಆಗ ತುಲ್ಸಾದಿಂದ ನನ್ನ ಅಕ್ಕ ವಿಲ್ಮಾ ಬಂದಳು. ಬಂದವಳೇ ಬಾಗಿಲಿನ ಚಿಲಕ ಅಲ್ಲಾಡಿಸಿ ನೋಡಿದಳು.

"ಇದೊಂದು ಚಿಲಕನಾ? ಬೆಕ್ಕು ಕೆಮ್ಮಿದ್ರೆ ತೆಗೆಯುತ್ತೆ. ಮಣ್ಣು ರಸ್ತೆ, ಹತ್ತಿರ ಒಂದು ಮನೆ ಇಲ್ಲ. ಪೊಲೀಸ್ನೋರು ಬರೋ ಹೊತ್ತಿಗೆ ಕಳ್ಳ ಊಟ ಮಾಡಿ ಪಾತ್ರೆ ತೊಳೆದಿಟ್ಟು ಹೋಗಿರ್ತಾನೆ."

"ಪಾತ್ರೆ ತೊಳೆದ್ರೆ ನಾನೇ ಬಾಗಿಲು ತೆಗೀತೀನಿ."

"ತುಲ್ಸಾಕ್ಕೆ ನಡಿ. ನನ್ನ ಫ್ಲ್ಯಾಟಲ್ಲಿ ಒಂದು ಕೋಣೆ ಖಾಲಿ ಇದೆ."

ಅಕ್ಕನ ಫ್ಲ್ಯಾಟು ನನಗೆ ಗೊತ್ತು. ಬಿಳಿ ರತ್ನಗಂಬಳಿ. ಸೋಫಾಕ್ಕೆ ಪ್ಲಾಸ್ಟಿಕ್ ಕವರು. ಕೂತರೆ ಸದ್ದು, ಎದ್ದರೆ ಸದ್ದು. ಇಲ್ಲಿ, ನನ್ನ ಮನೆಯಲ್ಲಿ, ಡೆಲ್ಮರ್ ಇಲ್ಲ ಅನ್ನುವುದು ಎಲ್ಲ ಕಡೆಯೂ ಇದೆ. ತುಲ್ಸಾದಲ್ಲಿ ಅದೂ ಇರುವುದಿಲ್ಲ.

"ನಾನು ಬರಲ್ಲ ಅಕ್ಕ. ನನಗೆ ಪಿಸ್ತೂಲು ಇದೆ."

"ಇದೆ. ಹೊಡೆಯೋಕೆ ಬರುತ್ತಾ?"

ಬರುತ್ತಿರಲಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಕೊನೆಗೆ ವಿಲ್ಮಾ ತೀರ್ಪು ಕೊಟ್ಟಳು. ಅಕ್ಟೋಬರ್ ಕೊನೆಗೆ ಮತ್ತೆ ಬರುತ್ತಾಳೆ. ಅವಳ ಕಣ್ಣೆದುರಿಗೆ ನಾನು, ಕಳ್ಳ ಬೀಳುವಂಥ ಪಿಸ್ತೂಲಿನಲ್ಲಿ, ಊಟದ ಪೇಪರ್ ತಟ್ಟೆಗೆ ಐದು ಗುಂಡು ಹೊಡೆಯಬೇಕು. ಐದೂ ಬಿದ್ದರೆ ಇಲ್ಲೇ ಇರಬಹುದು. ಒಂದು ತಪ್ಪಿದರೂ ಗಂಟುಮೂಟೆ ಕಟ್ಟಬೇಕು.

ಹೀಗೆ ನಾನು, ಡೆಲ್ಮರ್ ಇದ್ದಾಗ ಒಂದು ದಿನವೂ ಕಿವಿ ಕೊಡದ ವಿದ್ಯೆಯನ್ನು, ಡೆಲ್ಮರ್ ಹೋದ ಮೇಲೆ ಕಲಿಯಲು ಹೊರಟೆ.

ನಮ್ಮ ಹಿತ್ತಲಿನಲ್ಲಿ ಕೊಟ್ಟಿಗೆಯ ಹಿಂದೆ ಡೆಲ್ಮರ್ ಒಟ್ಟಿದ ಮಣ್ಣಿನ ದಿಬ್ಬವಿದೆ. ಗುಂಡು ಅದರಲ್ಲಿ ಹೂತುಕೊಳ್ಳುತ್ತದೆ. ಅದರ ಮುಂದೆ ಹಲಗೆ ನೆಟ್ಟು ತಟ್ಟೆ ಅಂಟಿಸಿದೆ. ಮೊದಲು ಡೆಲ್ಮರನ ನಲವತ್ತೈದನ್ನೇ ತೆಗೆದುಕೊಂಡೆ. ಅದು ಎಷ್ಟು ಸವೆದಿತ್ತೆಂದರೆ, ಗುಂಡು ಏರಿಸಲು ಎಳೆಯುವ ಮೇಲಿನ ಭಾಗ ಅಡುಗೆಮನೆಯ ಡ್ರಾಯರಿನಂತೆ ಹಿಂದಕ್ಕೆ ಬರುತ್ತಿತ್ತು. ಹೊಡೆದೆ. ಗುಂಡು ಕೊಟ್ಟಿಗೆಯ ತಗಡಿಗೆ ಹೋಯಿತು. ನಾನು ಹಿಂದಕ್ಕೆ ಹೋದೆ. ಇನ್ನೊಂದು ಹೊಡೆಯುವ ಧೈರ್ಯ ಬರಲಿಲ್ಲ.

ಊರಿನ ಬಂದೂಕಿನಂಗಡಿಯ ಗ್ಲೆಂಡಾ ಒಂಬತ್ತಿನ ಪಂಗಡದವಳು. ನಮ್ಮ ಕಡೆ ಹಿರಿಯ ಹೆಂಗಸರನ್ನು, ಮದುವೆಯಾಗಿದ್ದರೂ, ಮರ್ಯಾದೆಗೆ ‘ಮಿಸ್’ ಅನ್ನುತ್ತಾರೆ.

"ಮಿಸ್ ಒಲೀಟಾ, ಡೆಲ್ಮರ್ ಒಳ್ಳೆ ಮನುಷ್ಯ, ಆದ್ರೆ ಹಳೇ ಕಾಲದವರು. ಹೆಂಗಸರ ಕೈಗೆ ಒಂಬತ್ತೇ ಸರಿ. ಒದೆತ ಕಮ್ಮಿ, ಗುಂಡು ಜಾಸ್ತಿ ಹಿಡಿಯುತ್ತೆ. ಇದರ ಮೇಲಿನ ಭಾಗ ಎಳೀರಿ ನೋಡೋಣ."

ಎಳೆದೆ. ಬರಲಿಲ್ಲ. ಹೊಸ ಪಿಸ್ತೂಲಿನ ಸ್ಪ್ರಿಂಗು ಬಿಗಿ, ನನ್ನ ಬೆರಳಿಗೆ ಗಂಟುನೋವು. ಉಪ್ಪಿನಕಾಯಿ ಶೀಶೆಯ ಮುಚ್ಚಳ ತೆಗೆಯುವುದಕ್ಕೇ ನನಗೆ ಡೆಲ್ಮರ್ ಬೇಕಿತ್ತು.

"ಎಳೆಯೋಕಾಗಲ್ಲ ಕಣಮ್ಮ. ಕಳ್ಳ ಬಂದ್ರೆ ‘ಸ್ವಲ್ಪ ಎಳೆದು ಕೊಡಪ್ಪ’ ಅಂತ ಅವನನ್ನೇ ಕೇಳ್ಬೇಕಾಗುತ್ತೆ."

ಥರ್ಮನ್ ಮೂವತ್ತೆಂಟರ ಪಂಗಡದವನು. ಅದು ಚಕ್ರ ತಿರುಗುವ ರಿವಾಲ್ವರು. "ಎಳೆಯೋದು ಗಿಳೆಯೋದು ಇಲ್ಲ," ಅಂತ ತನ್ನದನ್ನೇ ತಂದುಕೊಟ್ಟ. ನಿಜ, ಎಳೆಯುವುದು ಇರಲಿಲ್ಲ. ಅಂಗೈಯಗಲದ ಹಗುರ ಸಾಮಾನು. ಒಂದು ಸಲ ಹೊಡೆದೆ. ಹೇಸರಗತ್ತೆ ಒದ್ದಂತಾಯಿತು. ಆ ವಾರ ಎಡಗೈಯಲ್ಲಿ ಕಾಫಿ ಕುಡಿದೆ.

ಉಳಿದದ್ದು ಇಪ್ಪತ್ತೆರಡು. ಡೆಲ್ಮರ್ ಗುರಿ ಆಟಕ್ಕೆ ಇಟ್ಟುಕೊಂಡಿದ್ದ ಉದ್ದ ಕೊಳವೆಯ ಸಾಧು ಪಿಸ್ತೂಲು. ಟಪ್ ಅನ್ನುತ್ತದೆ, ಅಷ್ಟೆ. ಅದರಲ್ಲಿ ಹತ್ತಕ್ಕೆ ಒಂಬತ್ತು ತಟ್ಟೆಗೆ ಬಿದ್ದವು. ನಾನು ತಟ್ಟೆಯನ್ನು ಅಂಗಡಿಗೆ ಒಯ್ದು ತೋರಿಸಿದೆ. ಗ್ಲೆಂಡಾ ನಕ್ಕಳು.

"ಅದು ತಗಡಿನ ಡಬ್ಬಿ ಹೊಡೆಯೋಕೆ ಮಿಸ್ ಒಲೀಟಾ. ಕಳ್ಳನಿಗೆ ಸೊಳ್ಳೆ ಕಚ್ಚಿದ ಹಾಗಾಗುತ್ತೆ."

"ಸಿಟ್ಟು ಬರುತ್ತೆ ಅವನಿಗೆ," ಅಂದ ಥರ್ಮನ್.

ಕಳ್ಳನಿಗೆ ಯಾವಾಗ ಸಿಟ್ಟು ಬರುತ್ತದೆ, ಎಷ್ಟು ಗುಂಡಿಗೆ ಬೀಳುತ್ತಾನೆ, ಯಾವ ಕಿಟಕಿಯಿಂದ ಬರುತ್ತಾನೆ, ಎಲ್ಲ ನಮ್ಮೂರಿನವರಿಗೆ ಗೊತ್ತು. ಕಳ್ಳನನ್ನು ಕಂಡವರು ಮಾತ್ರ ಯಾರೂ ಇಲ್ಲ.

ಅವತ್ತು ಗ್ಲೆಂಡಾ ಇನ್ನೊಂದು ಪಾಠ ಹೇಳಿಕೊಟ್ಟಳು. ಅಭ್ಯಾಸದ ಗುಂಡು ಬೇರೆ, ಆತ್ಮರಕ್ಷಣೆಯ ಗುಂಡು ಬೇರೆ. ಅಭ್ಯಾಸದ್ದು ದುಂಡು ಮೂತಿ, ಅಗ್ಗ. ಆತ್ಮರಕ್ಷಣೆಯದಕ್ಕೆ ಮೂತಿಯಲ್ಲಿ ಗುಳಿ, ಗುಳಿಗೆ ಕೆಂಪು ಪ್ಲಾಸ್ಟಿಕ್ಕಿನ ಬಿರಡೆ. ದುಬಾರಿ.

"ಕೆಂಪು ಮೂತಿಯದನ್ನ ಸುಮ್ನೆ ತುಂಬಿಟ್ರೆ ಆಗಲ್ಲ. ಅದರಲ್ಲೂ ಹೊಡೆದು ಕೈಗೆ ಪರಿಚಯ ಮಾಡ್ಕೋಬೇಕು."

ಸೆಪ್ಟೆಂಬರ್ ಬಂತು. ದಪ್ಪ ಗುಂಡಿನ ತೂತು ತಟ್ಟೆಗೆ ಇನ್ನೂ ಒಂದೂ ಬಿದ್ದಿರಲಿಲ್ಲ. ನಾನು ಬಟ್ಟೆಗಳನ್ನು ನೋಡಿ ಯಾವುದು ತುಲ್ಸಾಕ್ಕೆ, ಯಾವುದು ದಾನಕ್ಕೆ ಎಂದು ಮನಸ್ಸಿನಲ್ಲೇ ಬೇರೆ ಮಾಡಲು ಶುರು ಮಾಡಿದ್ದೆ.

ಒಂದು ಸೋಮವಾರ ಜಾಮಿನ ಶೀಶೆ ಹುಡುಕಲು ಗ್ಯಾರೇಜಿಗೆ ಹೋದೆ. ಡೆಲ್ಮರನ ಕಪಾಟಿನಲ್ಲಿ, ಅವನ ಡಬ್ಬಿಗಳ ನಡುವೆ, ಒಂದು ಹಳದಿ ಪ್ಲಾಸ್ಟಿಕ್ ಡಬ್ಬಿ. ತೆಗೆದೆ. ಐವತ್ತು ಗುಂಡು, ನಲವತ್ತೈದರವು, ಸಾಲಾಗಿ ನಿಂತಿದ್ದವು. ಪ್ರತಿಯೊಂದಕ್ಕೂ ಕೆಂಪು ಮೂತಿ.

ಆತ್ಮರಕ್ಷಣೆಯ ಗುಂಡು. ಅಂಗಡಿಯದಲ್ಲ, ಕೈಯಲ್ಲಿ ಮಾಡಿದ್ದು. ಮೂತಿಯ ಬಣ್ಣ ಅಲ್ಲಲ್ಲಿ ಸೊಟ್ಟಗೆ ಕೂತಿತ್ತು.

ತೆಗೆದುಕೊಂಡು ದಿಬ್ಬಕ್ಕೆ ಹೋದೆ. ಹಲ್ಲು ಕಚ್ಚಿ ಹೊಡೆದೆ. ಒದೆತವೇ ಇಲ್ಲ. ಯಾರೋ ಹೆಗಲ ಮೇಲೆ ಕೈ ಇಟ್ಟಂತಾಯಿತು, ಅಷ್ಟೇ. ತಟ್ಟೆಯ ನಡುವೆ ತೂತು. ಇನ್ನೊಂದು ಹೊಡೆದೆ. ಅದರ ಪಕ್ಕದಲ್ಲೇ ಇನ್ನೊಂದು ತೂತು.

ನನಗೆ ಅರ್ಥವಾಯಿತು. ಬಾಯಿ ತುಂಬ ಬೈಯುತ್ತಿದ್ದ ಮನುಷ್ಯ, ನನ್ನ ಕೈ ತಡೆಯುವುದಿಲ್ಲ ಎಂದು ತಿಳಿದು, ಗುಟ್ಟಾಗಿ ಕೂತು ನನಗಾಗಿ ಮೆತ್ತನೆಯ ಗುಂಡು ಮಾಡಿಟ್ಟಿದ್ದ. ಕೊಡುವ ಮೊದಲೇ ಹೋದ. ನಾನು ಹಿತ್ತಲಿನಲ್ಲಿ ಬಕೆಟ್ಟು ಬೋರಲು ಹಾಕಿ ಕೂತು ಅತ್ತೆ. ಅವನು ಹೋದ ಏಪ್ರಿಲ್ ನಂತರ ಅವತ್ತೇ ಸರಿಯಾಗಿ ಅತ್ತದ್ದು. ಅವತ್ತೇ ಸರಿಯಾಗಿ ನಿದ್ದೆಯೂ ಬಂತು.

ಅಂದಿನಿಂದ ಸಂಜೆ ಊಟವಾದ ಮೇಲೆ ಹಳದಿ ಡಬ್ಬಿ ಹಿಡಿದು ದಿಬ್ಬಕ್ಕೆ ಹೋಗುವುದು ರೂಢಿಯಾಯಿತು. ಒಂದೋ ಎರಡೋ ಹೊಡೆಯುತ್ತಿದ್ದೆ, ಬೇಗ ಮುಗಿಯಬಾರದಲ್ಲ. ಆಗೊಮ್ಮೆ ಈಗೊಮ್ಮೆ ಗುಂಡು ನಡುವೆ ಸಿಕ್ಕಿಕೊಂಡು ನಿಲ್ಲುತ್ತಿತ್ತು, ಡೆಲ್ಮರ್ ಹೇಳುವ ಕಥೆಯ ಹಾಗೆ. ಹೊಡೆಯುವಾಗ ಮಾತಾಡುತ್ತಿದ್ದೆ.

"ಇದು ಮೇಜಿನ ಮೇಲೆ ಎಣ್ಣೆ ಚೆಲ್ಲಿದ್ದಕ್ಕೆ." ಢಂ. "ಇದು ನನ್ನ ಅಮ್ಮನ ಮಣ್ಣಿನ ದಿನ ಮೀನು ಹಿಡಿಯೋಕೆ ಹೋಗಿದ್ದಕ್ಕೆ." ಢಂ. "ಇದು ಹೇಳದೆ ಹೋಗಿದ್ದಕ್ಕೆ." ಅದು ಸರಿಯಾಗಿ ನಡುವಿಗೆ ಬಿತ್ತು.

ಒಂದು ಸಂಸಾರದಲ್ಲಿ ಉಳಿದುಹೋದ ಜಗಳವನ್ನೆಲ್ಲ ಅಲ್ಲಿ ಮುಗಿಸಿದೆ. ಒಳಗೆ ಬಂದಾಗ ಫ್ರಿಜ್ಜಿನ ಸದ್ದು ಅಷ್ಟಾಗಿ ಕೇಳುತ್ತಿರಲಿಲ್ಲ.

ಅಕ್ಟೋಬರ್ ಕೊನೆಗೆ ವಿಲ್ಮಾ ಬಂದಳು. ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಸಾಮಾನಿಗೆಂದು ಖಾಲಿ ಪೆಟ್ಟಿಗೆಗಳನ್ನು ತಂದಿದ್ದಳು. ನಾನು ಸಾಕ್ಷಿಗೆ ಗ್ಲೆಂಡಾಳನ್ನೂ ಥರ್ಮನ್‌ನನ್ನೂ ಕರೆದಿದ್ದೆ. ಒಲೆಯ ಮೇಲೆ ಚಿಲ್ಲಿ ಎಂಬ ಮಾಂಸದ ಖಾರದ ಸಾರು ಕುದಿಯುತ್ತಿತ್ತು. ಡಬ್ಬಿಯಲ್ಲಿ ಸರಿಯಾಗಿ ಐದು ಗುಂಡು ಉಳಿಸಿದ್ದೆ.

ಐದೂ ಹೊಡೆದೆ. ಐದೂ ಬಿದ್ದವು. ಎರಡು ಎಷ್ಟು ಹತ್ತಿರ ಬಿದ್ದವೆಂದರೆ ವಿಲ್ಮಾ "ಇದು ನಾಲ್ಕೇ" ಎಂದು ವಾದ ಮಾಡಿ, ತೂತಿಗೆ ಕಿರುಬೆರಳು ಹಾಕಿ ನೋಡಿ ಸುಮ್ಮನಾದಳು.

ನನಗೆ ಜಂಬ ಬಂತು. ಬರದೆ ಇರುತ್ತದೆಯೇ?

"ನೋಡಿದ್ರಾ ಥರ್ಮನ್? ನಿಮ್ಮ ಮೂವತ್ತೆಂಟು ಕೊಟ್ಟು ನನ್ನ ಕೈ ಮುರಿದ್ರಿ. ಗ್ಲೆಂಡಾ, ನಿನ್ನ ಒಂಬತ್ತು ನೀನೇ ಇಟ್ಕೊ. ನನ್ನ ಗಂಡ ನನಗೆ ಸರಿಹೋಗೋದನ್ನ ತಾನೇ ಮಾಡಿಟ್ಟು ಹೋಗಿದ್ದ."

ಥರ್ಮನ್ ನೆಲದಿಂದ ಖಾಲಿ ಚಿಪ್ಪೊಂದನ್ನು ಎತ್ತಿಕೊಂಡ. ತಿರುಗಿಸಿ ನೋಡಿದ.

"ಈ ಗುಂಡು ಎಲ್ಲಿತ್ತು ಒಲೀಟಾ?"

"ಡೆಲ್ಮರನ ಕಪಾಟಲ್ಲಿ. ಹಳದಿ ಡಬ್ಬಿ. ಕೆಂಪು ಮೂತಿದು."

"ಎಷ್ಟು ಉಳಿದಿದೆ?"

"ಒಂದೂ ಇಲ್ಲ. ಈಗ ಹೊಡೆದಿದ್ದೇ ಕೊನೇದು. ಯಾಕೆ, ನಿಮಗೂ ಬೇಕಿತ್ತಾ?"

ಥರ್ಮನ್ ಟೋಪಿ ತೆಗೆದ. ಅವನ ಬೋಳು ತಲೆ ನಾನು ನೋಡಿದ್ದು ಡೆಲ್ಮರನ ಮಣ್ಣಿನ ದಿನ ಮಾತ್ರ.

"ಅದು ಪ್ಲಾಸ್ಟಿಕ್ ಅಲ್ಲ," ಅಂದ. "ಮೇಣ. ನಾನು ಹಚ್ಚಿದ್ದು."

"ನೀವ್ಯಾಕೆ ಮೇಣ ಹಚ್ಚಿದ್ರಿ?"

"ಒಳಗಿರೋದು ಉದುರಬಾರ್ದಲ್ಲ."

ಗ್ಲೆಂಡಾ ಬಾಯಿಗೆ ಕೈ ಇಟ್ಟುಕೊಂಡಳು. ವಿಲ್ಮಾ ನಮ್ಮೆಲ್ಲರ ಮುಖ ನೋಡಿದಳು.

"ಒಳಗೇನಿತ್ತು? ಯಾರಾದ್ರೂ ಹೇಳ್ರೇ. ಒಳಗೇನಿತ್ತು?"

ಥರ್ಮನ್ ಟೋಪಿಯನ್ನು ಎದೆಗೆ ಒತ್ತಿಕೊಂಡ. ಅವಳಿಗೇ ಹೊಳೆಯಿತು.

"ಅಯ್ಯೋ ಏಸುವೇ! ಒಲೀಟಾ! ನನ್ನ ಕಣ್ಣೆದುರಿಗೇ ಐದು ಸಲ!"

"ಐದು ಹೊಡಿ ಅಂದಿದ್ದು ನೀನೇ ಕಣಕ್ಕ."

ನಾನು ಥರ್ಮನ್‌ನ ಕಡೆ ತಿರುಗಿದೆ. "ತಂದಿಟ್ಟಿದ್ದೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಭಾನುವಾರ ಬಂದೆ. ನೀವು ಚರ್ಚಲ್ಲಿದ್ರಿ. ಅವನ ಜಾಗದಲ್ಲೇ ಇರ್ಲಿ ಅಂತ ಇಟ್ಟೆ. ಕೆಂಪು ನೋಡಿದ್ರೆ ನಿಮಗೇ ತಿಳಿಯುತ್ತೆ ಅಂದ್ಕೊಂಡೆ. ಆಮೇಲೆ ಹೇಳೋಣ ಅಂದ್ರೆ, ಹೇಳಿದ್ರೆ ನೀವು ಅಳ್ತೀರ. ನೀವು ಅತ್ರೆ ನನ್ನ ಕೈ ಎಲ್ಲಿಟ್ಕೋಬೇಕು ಗೊತ್ತಾಗಲ್ಲ."

"ಒದೆತ ಯಾಕಿರ್ಲಿಲ್ಲ?"

"ಮರ್ಯಾದೆಗೆ ಹಾರಿಸೋ ಗುಂಡು. ಮದ್ದು ಕಮ್ಮಿ ಹಾಕ್ದೆ. ಅವನಿಗೂ ವಯಸ್ಸಾಗಿತ್ತಲ್ಲ."

ಅಷ್ಟರಲ್ಲಿ ಗ್ಲೆಂಡಾಳ ಬಾಯಿಂದ ಕೈ ಜಾರಿತು. ನಗು ಹೊರಗೆ ಬಂತು. "ಕ್ಷಮಿಸಿ ಮಿಸ್ ಒಲೀಟಾ. ನಲವತ್ತೈದಾದ್ರೆ ಒಂದೇ ಸಾಕು ಅಂತಿದ್ರು ಡೆಲ್ಮರ್. ನಿಮಗೆ ಐವತ್ತು ಬೇಕಾಯ್ತು."

ನಾನೂ ನಕ್ಕೆ. ಬಕೆಟ್ಟಿನ ಮೇಲೆ ಕೂತು ನಕ್ಕೆ. ಎಲ್ಲರೂ ಚಿಲ್ಲಿ ತಿಂದರು. ವಿಲ್ಮಾ ಎರಡು ಸಲ ಬಡಿಸಿಕೊಂಡಳು, ಅವಳಿಗೆ ಗಾಬರಿಯಾದರೆ ಹಸಿವಾಗುತ್ತದೆ.

ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುತ್ತ ನಿಂತೆ. ಗಂಡನನ್ನು ಹೊಡೆದೆನಲ್ಲ ಎಂದು ದುಃಖವಾಗಲಿಲ್ಲ. ಅದು ಅವನೇ ಕೇಳಿಕೊಂಡದ್ದು. ಆ ಗುಂಡು ಅವನು ಮಾಡಿದ್ದಲ್ಲ ಅನ್ನುವುದೇ ದುಃ‌ಖ. ಗುಟ್ಟಾಗಿ ಕೂತು ಅವನು ನನಗಾಗಿ ಏನೂ ಮಾಡಿಟ್ಟಿರಲಿಲ್ಲ. ಒಂದು ತಿಂಗಳು ನಾನು ಸುಖವಾಗಿ ಮಲಗಿದ್ದು ಥರ್ಮನ್‌ನ ಮೇಣದ ಮೇಲೆ.

ಬೇಟೆ ಶುರುವಾಗುವ ದಿನ ಗೆಳೆಯರೆಲ್ಲ ಬಂದೂಕು ಹಿಡಿದು ನಮ್ಮ ಹಿತ್ತಲಿಗೆ ಬಂದರು. ದಿಬ್ಬದ ಮುಂದೆ ಟೋಪಿ ತೆಗೆದು ನಿಂತರು. "ನಾವು ಹೊಡೆಯೋ ಹಾಗಿಲ್ಲ. ಒಲೀಟಾ ಹೊಡೆದಾಗಿದೆ," ಅಂದ ಥರ್ಮನ್. ಖಾಲಿಯಾಗಿದ್ದ ಮೆಣಸಿನ ಪುಡಿಯ ಶೀಶೆಯನ್ನು ತೊಳೆದು ತಂದು ನನ್ನ ಕೈಗೆ ಕೊಟ್ಟ. ಜೊತೆಗೆ ಇನ್ನೊಂದು ಡಬ್ಬಿ. ಮೆತ್ತನೆಯ ನಲವತ್ತೈದು, ದುಂಡು ಮೂತಿಯವು. ಈ ಸಲ ನನ್ನ ಮುಖ ನೋಡಿ ಮಾತಾಡಿದ.

"ಇದರೊಳಗೆ ಯಾರೂ ಇಲ್ಲ."

ಅದೇ ಈಗ ನನ್ನ ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿದೆ. ವಿಲ್ಮಾ ತುಲ್ಸಾದ ಮಾತು ಬಿಟ್ಟಳು. ಗಂಡನನ್ನು ಹಿತ್ತಲಿನಲ್ಲಿ ಬಿಟ್ಟು ಬಾ ಎಂದು ಯಾವ ಬಾಯಿಂದ ಹೇಳುತ್ತಾಳೆ? ಅಭ್ಯಾಸಕ್ಕೆ ನಾನು ಗ್ಲೆಂಡಾಳ ಅಂಗಡಿಯ ಹಿಂದಿನ ಜಾಗಕ್ಕೆ ಹೋಗುತ್ತೇನೆ. ಐದಕ್ಕೆ ಐದು ಬೀಳುತ್ತದೆ. ಕಳ್ಳ ಇನ್ನೂ ಬಂದಿಲ್ಲ.

ಬಂದದ್ದು ಒಂದು ಆರ್ಮಡಿಲೊ. ಬೆನ್ನ ಮೇಲೆ ಚಿಪ್ಪು ಹೊತ್ತ, ಹಂದಿ ಮೂತಿಯ, ಸಣ್ಣ ಕಣ್ಣಿನ ಪ್ರಾಣಿ. ಹುಳು ತಿನ್ನಲು ಹೋಗಿ ಹೋಗಿ ನಮ್ಮ ದಿಬ್ಬವನ್ನೇ ಕೆದರುತ್ತದೆ. ಊರಿನಲ್ಲಿ ಹೇಳಿದೆ. ಹೇಳಬಾರದಿತ್ತು. ಆರ್ಮಡಿಲೊಗೆ ಒಂಬತ್ತು ಸಾಕು ಅಂದಳು ಗ್ಲೆಂಡಾ. ಇಪ್ಪತ್ತೆರಡೇ ಸಾಕು ಅಂದರು ಪಾದ್ರಿಗಳು. ವಿಲ್ಮಾ ಫೋನಿನಲ್ಲಿ ಕೂಗಿದಳು, "ಅಷ್ಟು ಗುರಿ ಇಟ್ಕೊಂಡು ಒಂದು ಆರ್ಮಡಿಲೊ ಹೊಡೆಯೋಕಾಗಲ್ವೇನೇ?"

ಒಂದು ಮುಂಜಾನೆ ನಲವತ್ತೈದು ಹಿಡಿದು ಹಿತ್ತಲಿಗೆ ಹೋದೆ. ಅದು ಅಲ್ಲೇ ಇತ್ತು, ತಟ್ಟೆಗಿಂತ ದೊಡ್ಡದು, ಅಲ್ಲಾಡದೆ ನಿಂತಿತ್ತು. ಎರಡೂ ಕೈಯಲ್ಲಿ ಹಿಡಿದು ಗುರಿ ಇಟ್ಟೆ. ಕಣ್ಣು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಂಡಿದ್ದರೆ ಹೊಡೆಯುತ್ತಿದ್ದೆನೇನೋ. ತೆರೆದಿದ್ದರಿಂದ ಅದರ ಹಿಂದಿನ ಮಣ್ಣಿನಲ್ಲಿ ಯಾರಿದ್ದಾರೆ ಎಂದು ಕಂಡಿತು. ಪಿಸ್ತೂಲು ಇಳಿಸಿದೆ. ಅದು ನನ್ನನ್ನು ನೋಡಿ, ಮತ್ತೆ ಕೆದರಲು ಶುರು ಮಾಡಿತು.

ಈಗ ದಿನಾ ಬೆಳಗ್ಗೆ ಕಾಫಿ ಒಲೆಗಿಟ್ಟು, ಕೋಟು ಹಾಕಿಕೊಂಡು, ಸಲಿಕೆ ಹಿಡಿದು ಹೋಗುತ್ತೇನೆ. ಅದು ಕೆಳಗೆ ಎಳೆದ ಮಣ್ಣನ್ನು ಮೇಲಕ್ಕೆ ಎಸೆಯುತ್ತೇನೆ. ಹುಳು ಕಂಡರೆ ಆರಿಸಿ ಬೇಲಿಯಾಚೆ ಹಾಕುತ್ತೇನೆ, ಅಲ್ಲಿಗೇ ಹೋಗಿ ತಿನ್ನಲಿ ಅಂತ. ಹೋಗುವುದಿಲ್ಲ. ಆಮೇಲೆ ಸಲಿಕೆಯ ಬೆನ್ನಿನಿಂದ ದಿಬ್ಬವನ್ನು ತಟ್ಟಿ ಕೂರಿಸುತ್ತೇನೆ. ಜೋರಾಗಿ ಅಲ್ಲ.